ಪ್ರಾಜೆಕ್ಟ್ ಹುಡುಕುವ ಮಗಳಿಗೆ

‘ದೊಡ್ಡಪ್ಪ, ಪ್ರಾಜೆಕ್ಟ್‌ಗೆ ಒಂದು ಐಡಿಯಾ ಹೇಳಿ’ ಅಂತ ಕೇಳಿದೆಯಲ್ಲ, ಅದಕ್ಕೆ ನಿಂತ ಕಾಲಲ್ಲಿ ಉತ್ತರ ಕೊಡುವುದು ಸರಿಯಲ್ಲ ಅನ್ನಿಸಿತು. ಅದಕ್ಕೇ ಬರೆಯುತ್ತಿದ್ದೇನೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದಿಂದ ಬೆಳಗ್ಗೆ ಬಸ್ಸು ಹತ್ತಿ ಪಾಲಿಟೆಕ್ನಿಕ್‌ಗೋ ಎಂಜಿನಿಯರಿಂಗ್ ಕಾಲೇಜಿಗೋ ಹೋಗುವ ನಿನ್ನ ವಾರಿಗೆಯವರೂ ಓದಲಿ.

ಮೊದಲಿಗೆ, ರೆಡಿಮೇಡ್ ಪ್ರಾಜೆಕ್ಟ್ ಕೊಳ್ಳಬೇಡ ಕಣಮ್ಮಾ. ಬೆಂಗಳೂರಿನಲ್ಲಿ ದುಡ್ಡು ಕೊಟ್ಟರೆ ಮಾಡೆಲ್ಲೂ ಸಿಗುತ್ತದೆ, ಬೈಂಡ್ ಮಾಡಿಸಿದ ವರದಿಯೂ ಸಿಗುತ್ತದೆ. ಮಾರ್ಕ್ಸೂ ಬರಬಹುದು. ಆದರೆ ನಾಳೆ ಕೆಲಸಕ್ಕೆ ಸೇರಿದಾಗ ನಿನ್ನ ಮುಂದೆ ಕೆಟ್ಟ ಯಂತ್ರ ಇರುತ್ತದೆ, ಅಂಗಡಿಯವನು ಇರುವುದಿಲ್ಲ. ಕೈಯಲ್ಲಿ ಕಲಿಯಲೆಂದೇ ಕೊಟ್ಟ ಒಂದು ವರ್ಷವನ್ನು ಮಾರಿಕೊಂಡರೆ ಅದು ವಾಪಸ್ ಬರುವುದಿಲ್ಲ.

ಐಡಿಯಾ ಎಲ್ಲಿಂದ ತರುವುದು? ನಿಮ್ಮ ಓಣಿಯಲ್ಲಿ ಹಗಲೂ ರಾತ್ರಿ ಪವರ್‌ಲೂಮ್ ಸದ್ದು. ಆ ಸದ್ದಿನಲ್ಲೇ ಹುಟ್ಟಿ ಬೆಳೆದವಳು ನೀನು. ಮಗ್ಗದ ಮೇಲೆ ಜಕಾರ್ಡ್ ಪೆಟ್ಟಿಗೆ ಕೂತಿದೆಯಲ್ಲ, ಅದರಿಂದ ಸರದಂತೆ ಇಳಿಬಿದ್ದ ತೂತಿನ ಕಾರ್ಡುಗಳನ್ನು ಯಾವತ್ತಾದರೂ ನಿಂತು ನೋಡಿದ್ದೀಯಾ? ಕಂಪ್ಯೂಟರಿನ ವಂಶವೃಕ್ಷದಲ್ಲಿ ಆ ಕಾರ್ಡಿಗೆ ಹಿರಿಯರ ಜಾಗ ಇದೆ.

ಅದು ಕೆಲಸ ಮಾಡುವುದು ಹೀಗೆ. ಲಾಳಿ ಒಂದು ಸಲ ಈ ಕಡೆಯಿಂದ ಆ ಕಡೆಗೆ ಹೋಗುವುದಕ್ಕೆ ಒಂದು ಕಾರ್ಡು. ಪೆಟ್ಟಿಗೆಯೊಳಗೆ ಸಾಲು ಸಾಲು ಸೂಜಿಗಳಿವೆ, ಒಂದೊಂದು ಸೂಜಿಗೂ ಒಂದು ಕೊಕ್ಕೆ, ಕೊಕ್ಕೆಗೆ ಹಾಸಿನ ಎಳೆಗಳು. ಕಾರ್ಡು ಬಂದು ಒತ್ತಿದಾಗ ತೂತು ಇರುವ ಕಡೆ ಸೂಜಿ ಒಳಗೆ ನುಗ್ಗುತ್ತದೆ, ಕೊಕ್ಕೆ ತನ್ನ ಜಾಗದಲ್ಲೇ ನಿಂತು ಮೇಲಕ್ಕೆ ಏಳುತ್ತದೆ, ಅದರೊಂದಿಗೆ ಎಳೆಯೂ ಏಳುತ್ತದೆ. ತೂತಿಲ್ಲದ ಕಡೆ ಸೂಜಿ ಹಿಂದಕ್ಕೆ ತಳ್ಳಿಸಿಕೊಳ್ಳುತ್ತದೆ, ಕೊಕ್ಕೆ ಸರಿದು ಎಳೆ ಕೆಳಗೇ ಉಳಿಯುತ್ತದೆ. ಎದ್ದ ಎಳೆಗೂ ಉಳಿದ ಎಳೆಗೂ ನಡುವೆ ಲಾಳಿ ಹಾಯುತ್ತದೆ. ತೂತು ಅಂದರೆ ಒಂದು, ತೂತಿಲ್ಲದ್ದು ಸೊನ್ನೆ. ಸೆರಗಿನ ಮೇಲಿನ ನವಿಲು ಇಷ್ಟರಿಂದಲೇ ಮೂಡುತ್ತದೆ.

ಫ್ರಾನ್ಸಿನ ಲಿಯಾನ್ ಊರಿನ ಜೋಸೆಫ್ ಮೇರಿ ಜಕಾರ್ಡ್ 1804ರ ಹೊತ್ತಿಗೆ ಈ ಯಂತ್ರಕ್ಕೆ ರೂಪ ಕೊಟ್ಟ. ಆತನೂ ಬರಿಗೈಯಿಂದ ಶುರು ಮಾಡಿದವನಲ್ಲ. 1725ರಲ್ಲೇ ಬೂಶೋನ್ ಎಂಬಾತ ತೂತು ಮಾಡಿದ ಕಾಗದದ ಸುರುಳಿಯಿಂದ ಎಳೆ ಆರಿಸುವ ದಾರಿ ಕಂಡುಕೊಂಡಿದ್ದ. ಆಮೇಲೆ ಫಾಲ್ಕೋನ್ ಕಾಗದದ ಬದಲು ಕಾರ್ಡು ತಂದ, ವೊಕಾನ್ಸನ್ ಯಂತ್ರವನ್ನು ಮಗ್ಗದ ಮೇಲಕ್ಕೆ ಏರಿಸಿದ. ವೊಕಾನ್ಸನ್ ಬಿಟ್ಟುಹೋದ ಹಳೆಯ ಮಗ್ಗ ಪ್ಯಾರಿಸ್ಸಿನ ಸಂಗ್ರಹಾಲಯದಲ್ಲಿತ್ತು. ಜಕಾರ್ಡ್ ಅದನ್ನು ಕಂಡು, ಅರ್ಥಮಾಡಿಕೊಂಡು ಮುಂದಕ್ಕೆ ಒಯ್ದ. ಇಂಗ್ಲೆಂಡಿನ ಗಣಿತಜ್ಞ ಬ್ಯಾಬೇಜ್ 1830ರ ದಶಕದಲ್ಲಿ ತನ್ನ ಲೆಕ್ಕದ ಯಂತ್ರದ ನಕ್ಷೆ ಬರೆದಾಗ ಆಜ್ಞೆ ಕೊಡಲು ಆರಿಸಿಕೊಂಡದ್ದು ಇದೇ ಕಾರ್ಡು. 1890ರಲ್ಲಿ ಹಾಲರಿತ್ ಎಂಬ ಎಂಜಿನಿಯರ್ ಅಮೆರಿಕದ ಜನಗಣತಿಯನ್ನು ತೂತಿನ ಕಾರ್ಡಿನಲ್ಲೇ ಎಣಿಸಿದ. ಆತ ಕಟ್ಟಿದ ಕಂಪನಿ ಮುಂದೆ ಬೇರೆ ಕಂಪನಿಗಳ ಜೊತೆ ಸೇರಿ ಐಬಿಎಂ ಆಯಿತು. ಇಷ್ಟು ದೊಡ್ಡ ಕಥೆಯ ಒಂದು ತುಂಡು ನಿನ್ನ ತಲೆಯ ಮೇಲೆ ಓಡುತ್ತಿರುವಾಗ ಐಡಿಯಾಕ್ಕೆಂದು ಮೊಬೈಲ್ ತಡಕುವುದು ಬೇಕಾ?

ಹಾಗಾಗಿ ಒಂದು ಗ್ರಾಫ್ ಹಾಳೆ ತಗೋ. ಹದಿನಾರು ಚೌಕ ಅಗಲ, ಹದಿನಾರು ಚೌಕ ಎತ್ತರ ಗುರುತು ಹಾಕಿ ಒಂದು ಹೂವು ತುಂಬು. ಒಂದೊಂದು ಸಾಲನ್ನೂ ಒಂದು–ಸೊನ್ನೆಗಳಲ್ಲಿ ಬರೆ. ಅದನ್ನೇ ಪೈಥಾನ್‌ನಲ್ಲಿ ಬರೆದು ತೆರೆಯ ಮೇಲೆ ಹೂವು ಮೂಡಿಸು. ಆಮೇಲೆ ನಿಮ್ಮ ಓಣಿಯಲ್ಲಿ ಕಾರ್ಡು ಹೊಡೆಯುವವರ ಹತ್ತಿರ ಹೋಗಿ ನಿನ್ನ ಹಾಳೆ ತೋರಿಸು. ಎಲ್ಲಿ ಎಳೆ ಉದ್ದವಾಗಿ ತೇಲಿ ಉಗುರಿಗೆ ಸಿಕ್ಕಿಕೊಳ್ಳುತ್ತದೆ, ಎಲ್ಲಿ ಬಟ್ಟೆ ಗಟ್ಟಿ ನಿಲ್ಲುವುದಿಲ್ಲ ಅಂತ ಅವರು ನೋಡಿದ ಕೂಡಲೇ ಹೇಳಬಲ್ಲರು. ಅಂಥ ಪಾಠ ಯಾವ ವಿಡಿಯೊದಲ್ಲೂ ನನಗೆ ಕಂಡಿಲ್ಲ.

ಇನ್ನೊಂದು ಮಗ್ಗದ ಕಥೆ ಹೇಳುತ್ತೇನೆ. ಜಪಾನಿನ ಹಳ್ಳಿಯೊಂದರ ಬಡಗಿಯ ಮಗ ಸಾಕಿಚಿ ಟೊಯೊಡ. ಊರಿನ ಹೆಂಗಸರು ಕೈಮಗ್ಗದಲ್ಲಿ ಪಡುವ ಪಾಡು ಅವನ ಕಣ್ಣೆದುರಿಗೇ ಇತ್ತು. 1891ರಲ್ಲಿ ಮರದ ಕೈಮಗ್ಗಕ್ಕೆ ಪೇಟೆಂಟ್ ಪಡೆದ. ವರ್ಷಗಟ್ಟಲೆ ತಿದ್ದಿ ತೀಡಿ 1924ರಲ್ಲಿ, ಎಳೆ ಕಡಿದರೆ ತಾನಾಗಿ ನಿಲ್ಲುವ, ಓಡುತ್ತಲೇ ಲಾಳಿ ಬದಲಿಸಿಕೊಳ್ಳುವ ಮಗ್ಗ ಸಿದ್ಧಮಾಡಿದ. 1929ರಲ್ಲಿ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಅದರ ಹಕ್ಕು ಕೊಂಡಿತು. ಮಗ ಕೀಚಿರೊ 1933ರಲ್ಲಿ ಅದೇ ಮಗ್ಗದ ಕಂಪನಿಯೊಳಗೆ ಕಾರಿನ ವಿಭಾಗ ತೆರೆದ. 1937ರಲ್ಲಿ ಅದು ಟೊಯೊಟಾ ಮೋಟರ್ ಆಯಿತು. ಬಿಡದಿಯಲ್ಲಿ ಕಾರು ತಯಾರಾಗುತ್ತಿರುವುದು ಅವರದೇ ಕಾರ್ಖಾನೆಯಲ್ಲಿ.

ನೀನು ಕಾರಿನ ಕಂಪನಿ ಕಟ್ಟಬೇಕು ಅಂತಲ್ಲ ನಾನು ಹೇಳುವುದು. ಸಾಕಿಚಿ ಹಿಡಿದ ತೊಂದರೆ ಅವನ ಊರಿನದು, ಎದುರಿಗೆ ಕೂತು ಕೆಲಸ ಮಾಡುವವರದು. ನಿಮ್ಮ ಓಣಿಯಲ್ಲಿ ಎಳೆ ಕಡಿದರೆ ಮಗ್ಗ ನಿಲ್ಲುತ್ತದಾ? ನಿಲ್ಲದೆ ಎಷ್ಟು ಸೀರೆಯಲ್ಲಿ ಗೆರೆ ಬೀಳುತ್ತದೆ? ಹೋಗಿ ಕೇಳು, ಬರೆದುಕೊ. ಒಂದೊಂದು ಎಳೆಯ ಮೇಲೂ ತೆಳ್ಳನೆಯ ಲೋಹದ ಪಟ್ಟಿ ನೇತುಹಾಕಿದರೆ, ಎಳೆ ಕಡಿದಾಗ ಪಟ್ಟಿ ಕೆಳಗೆ ಬಿದ್ದು ಎರಡು ತಂತಿ ಕೂಡಿಸುತ್ತದೆ. ದೊಡ್ಡ ಗಿರಣಿಗಳ ಮಗ್ಗದಲ್ಲಿ ಇದು ಹಳೆಯ ಉಪಾಯ. ನಿಮ್ಮ ಓಣಿಯ ಹಳೆಯ ಮಗ್ಗಕ್ಕೆ, ನವಿರಾದ ರೇಷ್ಮೆಗೆ, ಕಡಿಮೆ ಖರ್ಚಿನಲ್ಲಿ ಒಗ್ಗಿಸುವುದು ಹೇಗೆ ಅನ್ನುವುದರಲ್ಲೇ ಒಂದು ವರ್ಷಕ್ಕಾಗುವಷ್ಟು ಕೆಲಸ ಇದೆ.

ಮಗ್ಗ ಇಲ್ಲದ ಊರಿನವರಾದರೆ? ದೇವನಹಳ್ಳಿ ಪಕ್ಕದ ವಿಜಯಪುರದ ಕಡೆ ರೇಷ್ಮೆ ಹುಳು ಸಾಕುವ ಮನೆಗಳಿವೆ. ಎರಡನೇ ಜ್ವರ, ಅಂದರೆ ಪೊರೆ ಬಿಡುವುದು, ಮುಗಿಯುವವರೆಗಿನ ಚಾಕಿ ಹುಳುವಿಗೆ 26ರಿಂದ 28 ಡಿಗ್ರಿ ಬಿಸಿ, ಶೇಕಡ 80ರಿಂದ 90ರಷ್ಟು ತೇವ ಬೇಕು. ದೊಡ್ಡ ಹುಳುವಿಗೆ ತಂಪೂ ಬೇಕು, ತೇವವೂ 70ರ ಹತ್ತಿರಕ್ಕೆ ಇಳಿಯಬೇಕು. ಇದನ್ನು ಅಳೆಯಲು ಎಲ್ಲ ಮಕ್ಕಳೂ ಡಿಎಚ್‌ಟಿ11 ಎಂಬ ಅಗ್ಗದ ಸೆನ್ಸರ್ ತರುತ್ತಾರೆ. ಅದರ ಅಳತೆ ಶೇಕಡ 5ರಷ್ಟು ಆಚೀಚೆ ಆಗುತ್ತದೆ. 80 ದಾಟಿದ ಮೇಲೆ, ಚಾಕಿಗೆ ಬೇಕಾದ ಜಾಗದಲ್ಲೇ, ಅದನ್ನು ನಂಬುವಂತಿಲ್ಲ. ಡಿಎಚ್‌ಟಿ22 ಇದಕ್ಕಿಂತ ವಾಸಿ. ಯಾವುದೇ ತಂದರೂ ಎರಡು ಥರ್ಮಾಮೀಟರ್ ಪಕ್ಕಪಕ್ಕ ನೇತುಹಾಕಿ, ಒಂದರ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ, ಎರಡರ ವ್ಯತ್ಯಾಸದಿಂದ ತೇವ ಲೆಕ್ಕ ಹಾಕುವ ಹಳೆಯ ವಿಧಾನದ ಜೊತೆ ತಾಳೆ ನೋಡು. ಸೆನ್ಸರ್ ಹೇಳಿದ್ದೇ ಸತ್ಯ ಅಂದುಕೊಂಡರೆ ಒಂದು ಮನೆಯವರ ಒಂದು ಬೆಳೆಯೇ ಹೋಗಬಹುದು.

ಸಾಮಾನಿನ ವಿಚಾರ ಬೇಗ ಮುಗಿಸುತ್ತೇನೆ. ಒಳ್ಳೆಯ ಮಲ್ಟಿಮೀಟರ್, ಬೆಸುಗೆ ಕಡ್ಡಿ, ಬ್ರೆಡ್‌ಬೋರ್ಡ್, ಒಂದು ಆರ್ಡುಯಿನೊ ಬೋರ್ಡು, ಇಷ್ಟು ಇದ್ದರೆ ಶುರು ಮಾಡಬಹುದು. ಆರ್ಡುಯಿನೊ 2005ರಲ್ಲಿ ಇಟಲಿಯ ಇವ್ರಿಯಾದಲ್ಲಿ ಹುಟ್ಟಿದ್ದೇ ಎಂಜಿನಿಯರಿಂಗ್ ಓದದ ಡಿಸೈನ್ ವಿದ್ಯಾರ್ಥಿಗಳಿಗಾಗಿ, ಹೆದರಬೇಡ. ಬಿಡಿಭಾಗಕ್ಕೆ ಬೆಂಗಳೂರಿನ ಎಸ್.ಪಿ. ರಸ್ತೆ ಇದೆ. ಬೇಕಾದ್ದರ ಪಟ್ಟಿ ಮನೆಯಲ್ಲೇ ಬರೆದುಕೊಂಡು ಹೋಗು, ಇಲ್ಲದಿದ್ದರೆ ಬೇಡದ್ದೇ ಚೀಲ ತುಂಬುತ್ತದೆ. ಗುಜರಿ ಅಂಗಡಿಯ ಹಳೆಯ ಪ್ರಿಂಟರ್ ಬಿಚ್ಚಿದರೆ ಮೋಟಾರು, ಹಲ್ಲುಚಕ್ರ, ಉಕ್ಕಿನ ಸರಳು ಸಿಗುತ್ತವೆ. ಸರ್ಕಿಟ್ ಬರೆಯಲು ಕೈಕ್ಯಾಡ್, ಭಾಗಗಳ ನಕ್ಷೆಗೆ ಫ್ರೀಕ್ಯಾಡ್, ಎರಡೂ ಉಚಿತ. ಐಐಟಿ ಬಾಂಬೆಯವರ ಸ್ಪೋಕನ್ ಟ್ಯುಟೋರಿಯಲ್ ಪಾಠಗಳಲ್ಲಿ ಎಷ್ಟೋ ಕನ್ನಡದ ಧ್ವನಿಯಲ್ಲೂ ಇವೆ. ಪಾಠ ಒಂದು ಪಕ್ಕ, ಸಾಫ್ಟ್‌ವೇರ್ ಇನ್ನೊಂದು ಪಕ್ಕ ತೆರೆದಿಟ್ಟು ಅವರು ಮಾಡಿದ್ದನ್ನು ಆಗಲೇ ಮಾಡಿ ನೋಡಬೇಕು. ಬರೀ ನೋಡಿ ಎದ್ದರೆ ಕೈಗೆ ಏನೂ ಹತ್ತುವುದಿಲ್ಲ.

ನಿನ್ನ ಮೊಬೈಲಿನಲ್ಲಿ ಸ್ಲೋ ಮೋಷನ್ ಇದೆಯಲ್ಲ, ಅದು ನನ್ನ ಕಾಲದ ಹುಡುಗರಿಗೆ ಇರಲಿಲ್ಲ. ಲಾಳಿಯನ್ನು, ಏಳುವ ಕೊಕ್ಕೆಗಳನ್ನು ಅದರಲ್ಲಿ ಹಿಡಿದು ನೋಡು. ಕಣ್ಣಿಗೆ ಕಾಣದ್ದು ಕಾಣುತ್ತದೆ. ಓಡುವ ಮಗ್ಗದಿಂದ ಮಾತ್ರ ದೂರ ನಿಲ್ಲು, ಲಾಳಿ ಸಿಡಿಯುತ್ತದೆ. ದುಪಟ್ಟಾ, ಜಡೆ ಕಟ್ಟಿಕೊ. ಮುಟ್ಟುವುದಿದ್ದರೆ ಮೇನ್ ಸ್ವಿಚ್ ಆಫ್ ಮಾಡಿಸಿದ ಮೇಲೆಯೇ.

ಒಂದು ಭಾನುವಾರ ಗೆಳತಿಯರ ಜೊತೆ ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂಗೂ ಹೋಗಿ ಬಾ. ನಿಮ್ಮ ಸೀಮೆಯ ಪಕ್ಕದ ಮುದ್ದೇನಹಳ್ಳಿಯಲ್ಲಿ ಹುಟ್ಟಿದವರ ಹೆಸರಿನದು. ಅಲ್ಲಿನ ಎಂಜಿನ್‌ಗಳ ಮುಂದೆ ಸೆಲ್ಫಿ ತೆಗೆಯುವ ಬದಲು ಒಂದೇ ಒಂದು ಯಂತ್ರದ ಚಿತ್ರ ಕೈಯಲ್ಲಿ ಬರೆದುಕೊಂಡು ಬಾ.

ನೋಟ್‌ಬುಕ್ ಒಂದಿರಲಿ. ಕೆಟ್ಟದ್ದು, ಸುಟ್ಟದ್ದು, ಸರಿಹೋದದ್ದು ಎಲ್ಲ ತಾರೀಖು ಹಾಕಿ ಬರೆ. ಕೆಲಸ ಮುಗಿದ ಮೇಲೆ ಕಾಲೇಜಿನ ವರದಿಯ ಜೊತೆಗೆ ಕನ್ನಡದಲ್ಲಿ ಒಂದು ಪುಟ ಬರೆದು, ಯಾರ ಮಗ್ಗದಲ್ಲಿ, ಯಾರ ಹುಳುಮನೆಯಲ್ಲಿ ಕಲಿತೆಯೋ ಅವರ ಕೈಗೆ ಕೊಡು. ಅವರು ಓದಿ ‘ಇದು ನಮಗೆ ಆಗಿಬರಲ್ಲ’ ಅಂದರೂ ಯಾಕೆ ಅಂತ ಕೇಳಿಕೊಂಡು ಬಾ.

ಮಗ್ಗದ ಮಾಲೀಕರಲ್ಲೂ, ಜಕಾರ್ಡ್ ರಿಪೇರಿ ಮಾಡುವ ಮೇಸ್ತ್ರಿಗಳಲ್ಲೂ ನನ್ನದೊಂದು ವಿನಂತಿ. ಈ ಮಕ್ಕಳು ಬಾಗಿಲಿಗೆ ಬಂದಾಗ ಒಳಗೆ ಕರೆಯಿರಿ. ಮಗ್ಗ ನಿಂತಿರುವ ಹೊತ್ತಿನಲ್ಲಿ ಅರ್ಧ ಗಂಟೆ ಪೆಟ್ಟಿಗೆಯ ಮುಚ್ಚಳ ತೆಗೆದು ತೋರಿಸಿ.