ಮದರ್‌ಬೋರ್ಡ್ ಬದಲಾದ್ರೆ ಎಫ್‌ಪಿಎಸ್ ಬದಲಾಗುತ್ತಾ?

ಪಿಸಿ ಅಸೆಂಬಲ್ ಮಾಡಿಸೋಕೆ ಹೊರಟವರೆಲ್ಲ ಒಂದಲ್ಲ ಒಂದು ಸಲ ಕೇಳುವ ಪ್ರಶ್ನೆ: "ಗೇಮಿಂಗ್‌ಗೆ ಯಾವ ಮದರ್‌ಬೋರ್ಡ್ ಬೆಸ್ಟು?" ಅಂಗಡಿಯಲ್ಲಿ ಕೇಳಿದರೆ ಬಣ್ಣಬಣ್ಣದ ಲೈಟ್ ಇರುವ, ಡಬ್ಬದ ಮೇಲೆ 'ಗೇಮಿಂಗ್' ಅಂತ ದಪ್ಪಕ್ಷರದಲ್ಲಿ ಬರೆದಿರುವ ಬೋರ್ಡ್ ತೋರಿಸ್ತಾರೆ. ಯೂಟ್ಯೂಬ್‌ನಲ್ಲಿ ಹುಡುಕಿದರೆ ಹತ್ತು ಬೋರ್ಡ್‌ಗಳ ಎಫ್‌ಪಿಎಸ್ ಗ್ರಾಫ್ ಸಿಗುತ್ತೆ. ಆದರೆ ಮನೆಯಿಂದ ಬರುವ ದುಡ್ಡು ಅಷ್ಟೇ ತಾನೇ? ಬೋರ್ಡ್‌ಗೆ ನಾಲ್ಕು ಸಾವಿರ ಜಾಸ್ತಿ ಹಾಕಿದರೆ ಆ ನಾಲ್ಕು ಸಾವಿರ ಗ್ರಾಫಿಕ್ಸ್ ಕಾರ್ಡ್‌ನ ಲೆಕ್ಕದಿಂದಲೇ ಹೋಗೋದು. ಅದಕ್ಕೆ ಈ ಸಲ ಬೋರ್ಡ್‌ಗಳನ್ನು ಗೇಮ್ ಸ್ಪೀಡಿನಲ್ಲಿ ಹೋಲಿಸುವುದು ಹೇಗೆ ಅಂತ ಸ್ವಲ್ಪ ನಿಧಾನವಾಗಿ ನೋಡೋಣ.

60 ಎಫ್‌ಪಿಎಸ್ ಅಂದರೆ ಒಂದು ಫ್ರೇಮ್‌ಗೆ 16.7 ಮಿಲಿಸೆಕೆಂಡ್. 144 ಎಫ್‌ಪಿಎಸ್ ಅಂದರೆ ಬರೀ 6.9. ಇಷ್ಟರೊಳಗೆ ಎದುರಾಳಿ ಎಲ್ಲಿದ್ದಾನೆ, ಗುಂಡು ಯಾರಿಗೆ ತಾಗಿತು ಅನ್ನೋದನ್ನೆಲ್ಲ ಪ್ರೊಸೆಸರ್ ಲೆಕ್ಕ ಹಾಕಿ ಕಾರ್ಡ್‌ಗೆ ಕೊಡಬೇಕು, ಕಾರ್ಡ್ ಅದನ್ನು ಚಿತ್ರ ಮಾಡಬೇಕು. ಇಬ್ಬರಲ್ಲಿ ಯಾರು ನಿಧಾನವೋ ಎಫ್‌ಪಿಎಸ್ ಅವರದ್ದು. ಇದರಲ್ಲಿ ಬೋರ್ಡ್ ಏನೂ ಲೆಕ್ಕ ಹಾಕಲ್ಲ. ಮೆಸ್ಸಿನ ಅಡುಗೆಮನೆಯಲ್ಲಿ ಗ್ಯಾಸ್ ಲೈನ್ ಇದ್ದ ಹಾಗೆ ಅದು. ಒಳ್ಳೆಯ ಲೈನ್ ಹಾಕಿಸಿದ್ದಕ್ಕೆ ಸಾಂಬಾರಿನ ರುಚಿ ಹೆಚ್ಚಲ್ಲ, ಆದರೆ ಪ್ರೆಶರ್ ಬಿದ್ದರೆ ಅನ್ನ ಅರೆಬೆಂದೇ ಬರುತ್ತೆ.

ಮೊದಲು ಹೀಗಿರಲಿಲ್ಲ. ಹಳೇ ಪುಸ್ತಕಗಳಲ್ಲಿ ನಾರ್ತ್‌ಬ್ರಿಡ್ಜ್ ಅಂತ ಒಂದು ಡಬ್ಬಿ ಬರೆದಿರುತ್ತಾರಲ್ಲ, ಮೆಮೊರಿ ಕಂಟ್ರೋಲರ್ ಅದರೊಳಗೆ, ಅಂದರೆ ಬೋರ್ಡ್ ಮೇಲೆಯೇ ಇತ್ತು. ಒಂದೇ ಅಥ್ಲಾನ್ ಎಕ್ಸ್‌ಪಿ ಪ್ರೊಸೆಸರನ್ನು ವಿಯಾ ಚಿಪ್‌ಸೆಟ್ ಬೋರ್ಡ್‌ಗೆ ಹಾಕಿದರೆ ಒಂದು ಸ್ಪೀಡು, ಎನ್‌ವಿಡಿಯಾದ ಎನ್‌ಫೋರ್ಸ್2 ಬೋರ್ಡ್‌ಗೆ ಹಾಕಿದರೆ ಇನ್ನೊಂದು. ಆಗ ಬೋರ್ಡ್‌ಗಳನ್ನು ಗೇಮ್‌ನಲ್ಲಿ ಹೋಲಿಸೋದಕ್ಕೆ ನಿಜವಾಗಿ ಅರ್ಥ ಇತ್ತು. 2003ರಲ್ಲಿ ಎಎಂಡಿ ತನ್ನ ಅಥ್ಲಾನ್ 64ರಲ್ಲಿ ಆ ಕಂಟ್ರೋಲರನ್ನು ಪ್ರೊಸೆಸರ್ ಒಳಗೇ ತಂದಿತು. 2008ರಲ್ಲಿ ಇಂಟೆಲ್‌ನ ಮೊದಲ ಕೋರ್ ಐ7 ಕೂಡ ಅದನ್ನೇ ಮಾಡಿತು. ಆಮೇಲೆ ಗ್ರಾಫಿಕ್ಸ್ ಕಾರ್ಡ್‌ನ ಪಿಸಿಐ ಎಕ್ಸ್‌ಪ್ರೆಸ್ ಲೇನ್‌ಗಳೂ ಒಳಗೆ ಹೋದವು. ಬೋರ್ಡ್ ಪಾಲಿಗೆ ಉಳಿದದ್ದು ತಂತಿ ಮತ್ತು ಕರೆಂಟು. ಆದರೂ ನಾವು ಅದೇ ಹಳೇ ಪ್ರಶ್ನೆ ಕೇಳ್ತಾ ಇದ್ದೀವಿ!

ಹಾಗಾದರೆ ಇವತ್ತು ಬೋರ್ಡ್ ಕೈಕೊಡುವುದು ಎಲ್ಲಿ? ಒಂದು ಒಳ್ಳೆಯ ಉದಾಹರಣೆ 2022ರ ಜನವರಿಯಲ್ಲಿ ಬಂದ ರೇಡಿಯಾನ್ ಆರ್‌ಎಕ್ಸ್ 6500 ಎಕ್ಸ್‌ಟಿ. ಕಾರ್ಡ್‌ನ ಪಿನ್ನು ನೋಡಿದರೆ ಪೂರ್ತಿ ಉದ್ದ, 16 ಲೇನ್ ಇರೋ ಹಾಗೆ ಕಾಣುತ್ತೆ. ಒಳಗೆ ಕೆಲಸ ಮಾಡೋದು 4 ಲೇನ್ ಮಾತ್ರ. ಪಿಸಿಐ ಎಕ್ಸ್‌ಪ್ರೆಸ್ 4.0ರಲ್ಲಿ ಒಂದು ಲೇನ್‌ಗೆ ಸೆಕೆಂಡಿಗೆ ಸುಮಾರು 2 ಜಿಬಿ, 3.0ರಲ್ಲಿ ಸುಮಾರು 1 ಜಿಬಿ. ರೈಜೆನ್ 5 5600 ಜೊತೆ ಬಿ550 ಬೋರ್ಡ್‌ನಲ್ಲಿ ಈ ಕಾರ್ಡ್‌ಗೆ 4.0 ಸಿಗುತ್ತೆ, ಅಂದರೆ ಸುಮಾರು 8 ಜಿಬಿ. ಬಿ450 ಬೋರ್ಡ್‌ನಲ್ಲಿ 3.0, ಅಂದರೆ 4 ಜಿಬಿ. ಕಾರ್ಡ್‌ನಲ್ಲಿ ಇರುವ ಮೆಮೊರಿಯೇ 4 ಜಿಬಿ. ಗೇಮ್‌ನಲ್ಲಿ ಟೆಕ್ಸ್ಚರ್ ಹೈ ಇಟ್ಟು ಆ 4 ಜಿಬಿ ತುಂಬಿತು ಅನ್ನಿ, ಮಿಕ್ಕಿದ್ದನ್ನು ರ‍್ಯಾಮ್‌ನಿಂದ ಈ ಕಿರಿದಾದ ದಾರಿಯಲ್ಲೇ ತರಬೇಕು. ಆಗ ಒಂದೇ ಪ್ರೊಸೆಸರ್, ಒಂದೇ ಕಾರ್ಡ್ ಇದ್ದರೂ ಬಿ450ರಲ್ಲಿ ಆಟ ತಡವರಿಸುತ್ತೆ. ಟೆಕ್ಸ್ಚರ್ ಇಳಿಸಿ 4 ಜಿಬಿಯೊಳಗೆ ಕೂರಿಸಿದರೆ ವ್ಯತ್ಯಾಸ ತುಂಬಾ ಕಡಿಮೆ ಆಗುತ್ತೆ.

ಇಲ್ಲೇ ಇನ್ನೊಂದು ಸೂಕ್ಷ್ಮ ಇದೆ. ಅದೇ ಬಿ550 ಬೋರ್ಡ್‌ಗೆ ರೈಜೆನ್ 5 5500 ಅಥವಾ 5600ಜಿ ಹಾಕಿದರೆ ಕಾರ್ಡ್‌ಗೆ ಸಿಗೋದು 3.0 ಮಾತ್ರ, ಯಾಕಂದ್ರೆ ಲೇನ್ ಇರೋದು ಪ್ರೊಸೆಸರ್ ಒಳಗೆ. ಅಂಥವರು ಜಾಸ್ತಿ ದುಡ್ಡು ಕೊಟ್ಟು ಬಿ550 ತಗೊಂಡರೂ ಈ ವಿಷಯದಲ್ಲಿ ಬಿ450 ತಗೊಂಡವರ ಪಕ್ಕದಲ್ಲೇ ನಿಂತಿರ್ತಾರೆ. ಇನ್ನು 16 ಲೇನ್ ಪೂರ್ತಿ ಇರುವ ಕಾರ್ಡ್ ಆದರೆ 3.0ರಲ್ಲೂ ಸುಮಾರು 16 ಜಿಬಿ ದಾರಿ ಇದೆ, ತಲೆ ಕೆಡಿಸ್ಕೋಬೇಡಿ.

ಎರಡನೇದು ರ‍್ಯಾಮ್. ಡಿಡಿಆರ್4-3200ರ ಒಂದು ಸ್ಟಿಕ್ ಸೆಕೆಂಡಿಗೆ 25.6 ಜಿಬಿ ಕೊಡುತ್ತೆ (3200ನ್ನು 8 ಬೈಟ್‌ನಿಂದ ಗುಣಿಸಿ ನೋಡಿ), ಎರಡು ಚಾನೆಲ್ ಸೇರಿದರೆ 51.2. ನಾಲ್ಕು ಸ್ಲಾಟ್ ಇದ್ದರೆ ಬೋರ್ಡ್ ಫಾಸ್ಟು ಅನ್ನೋದು ಸುಳ್ಳು. ಎರಡೇ ಸ್ಲಾಟ್ ಇರುವ ಎಷ್ಟೋ ಅಗ್ಗದ ಬೋರ್ಡ್‌ಗಳಲ್ಲೂ ಎರಡು ಚಾನೆಲ್ ಇರುತ್ತೆ. 16 ಜಿಬಿಯ ಒಂದು ಸ್ಟಿಕ್ ಬದಲು 8ರ ಎರಡು ಹಾಕಿದರಾಯ್ತು. ಕಾರ್ಡ್ ಇಲ್ಲದೆ 5600ಜಿಯ ಒಳಗಿನ ಗ್ರಾಫಿಕ್ಸ್‌ನಲ್ಲೇ ಆಡುವವರಿಗೆ ಇದು ಎಲ್ಲಕ್ಕಿಂತ ಮುಖ್ಯ, ಅವರ ವೀಡಿಯೊ ಮೆಮೊರಿಯೇ ಈ ರ‍್ಯಾಮ್. ಬಯೋಸ್‌ನಲ್ಲಿ ಎಕ್ಸ್‌ಎಂಪಿ ಆನ್ ಮಾಡೋದನ್ನೂ ಮರೀಬೇಡಿ, ಇಲ್ಲದಿದ್ದರೆ 3200ರ ಸ್ಟಿಕ್ ಎಷ್ಟೋ ಸಲ 2133ರಲ್ಲೋ 2666ರಲ್ಲೋ ಸುಮ್ಮನೆ ಓಡ್ತಾ ಇರುತ್ತೆ. ಬಿ760 ಬೋರ್ಡ್‌ಗಳಲ್ಲಿ ಡಿಡಿಆರ್4, ಡಿಡಿಆರ್5 ಎರಡೂ ಬಗೆ ಇವೆ. ಅವೆರಡನ್ನು ಹೋಲಿಸಿದ ಗ್ರಾಫ್ ಹೇಳೋದು ಹೆಚ್ಚಾಗಿ ರ‍್ಯಾಮ್ ಕಥೆ.

ಮೂರನೇದು ಕರೆಂಟು, ಇಸಿ ಬ್ರಾಂಚಿನವರಿಗೆ ಇಷ್ಟವಾಗುವ ಭಾಗ. ಎಸ್‌ಎಂಪಿಎಸ್ ಕೊಡುವ 12 ವೋಲ್ಟನ್ನು ಬೋರ್ಡ್ ಮೇಲಿನ ವಿಆರ್‌ಎಂ ಒಂದೂಕಾಲು ವೋಲ್ಟ್ ಆಸುಪಾಸಿಗೆ ಇಳಿಸುತ್ತೆ. ರೈಜೆನ್ 5 5600 ತನ್ನ ಗರಿಷ್ಠ 76 ವ್ಯಾಟ್ ಎಳೆದರೆ ಸುಮಾರು 60 ಆಂಪಿಯರ್! ವಿಆರ್‌ಎಂ ವಿಪರೀತ ಬಿಸಿಯಾದರೆ ಪ್ರೊಸೆಸರ್ ಕ್ಲಾಕ್ ಇಳಿಯುತ್ತೆ. ಆದರೆ ಗೇಮ್‌ಗಳು ಸಾಮಾನ್ಯವಾಗಿ ಎಲ್ಲಾ ಕೋರ್‌ಗಳನ್ನು ಪೂರ್ತಿ ದುಡಿಸಲ್ಲ. ಆರು ಕೋರ್‌ನ ಪ್ರೊಸೆಸರ್‌ಗೆ ಸಾಧಾರಣ ಬೋರ್ಡ್ ಸಾಕು. 16 ಕೋರ್‌ನದ್ದನ್ನು ತೀರಾ ಅಗ್ಗದ ಬೋರ್ಡ್‌ಗೆ ಹಾಕಿ ವೀಡಿಯೊ ರೆಂಡರ್ ಮಾಡಿದಾಗ ಅದರ ಬಣ್ಣ ಬಯಲಾಗೋದು.

ಇಂಟೆಲ್ ಕಡೆ ಇನ್ನೊಂದು ತಮಾಷೆ. ಐ5-12400ಕ್ಕೆ ಬೇಸ್ 65 ವ್ಯಾಟ್, ಟರ್ಬೋದಲ್ಲಿ 117. ಎಷ್ಟು ಹೊತ್ತು 117 ಬಿಡಬೇಕು ಅನ್ನೋದನ್ನು ಒಂದು ಬೋರ್ಡ್‌ನ ಬಯೋಸ್ ಕಟ್ಟುನಿಟ್ಟಾಗಿ ಪಾಲಿಸುತ್ತೆ, ಇನ್ನೊಂದು ಆ ಮಿತಿಯನ್ನೇ ತೆಗೆದಿಟ್ಟಿರುತ್ತೆ. ಗ್ರಾಫ್‌ನಲ್ಲಿ ಎರಡನೇದು ಗೆದ್ದರೆ ಗೆದ್ದಿದ್ದು ಒಂದು ಸೆಟ್ಟಿಂಗ್, ಅಷ್ಟೇ.

ಹಾಗಾಗಿ ಯಾರಾದರೂ ಬೋರ್ಡ್ ಹೋಲಿಕೆ ತೋರಿಸಿದರೆ ಮೊದಲು ಪ್ರೊಸೆಸರ್, ಕಾರ್ಡ್, ರ‍್ಯಾಮ್, ಡ್ರೈವರ್ ಎಲ್ಲ ಒಂದೇನಾ ನೋಡಿ. ಪವರ್ ಮಿತಿ ಹೇಳಿದ್ದಾರಾ, ಒಂದೇ ಸಲ ಓಡಿಸಿದ್ದಾ ಮೂರು ಸಲ ಓಡಿಸಿದ್ದಾ ಅನ್ನೋದನ್ನೂ ನೋಡಿ. 143ಕ್ಕೂ 145ಕ್ಕೂ ಇರುವ ಅಂತರ ಅದೇ ಬೋರ್ಡ್‌ನಲ್ಲಿ ಎರಡು ಸಲ ಆಡಿದರೂ ಬರುತ್ತೆ. ಸರಾಸರಿಗಿಂತ 1 ಪರ್ಸೆಂಟ್ ಲೋ ಅನ್ನುವ ಅಂಕಿ ನಮಗೆ ಹೆಚ್ಚು ಇಷ್ಟ: 7 ಮಿಲಿಸೆಕೆಂಡಿನ ಫ್ರೇಮ್‌ಗಳ ನಡುವೆ 40ರದ್ದೊಂದು ಬಂದರೆ ಸರಾಸರಿ ಅಲ್ಲಾಡಲ್ಲ, ಆದರೆ ಕಣ್ಣಿಗೆ ಝಟ್ಕಾ ಹೊಡೆಯುತ್ತೆ. 6500 ಎಕ್ಸ್‌ಟಿಯಂಥ ಕಾರ್ಡ್‌ನ ಕಷ್ಟ ಚೆನ್ನಾಗಿ ಕಾಣೋದು ಅಲ್ಲೇ.

5600 ಜೊತೆ 16 ಲೇನ್‌ನ ಕಾರ್ಡ್ ತಗೊಳ್ಳೋರಾದರೆ ನಮ್ಮ ಓಟು ವಿಆರ್‌ಎಂ ಮೇಲೆ ಹೀಟ್‌ಸಿಂಕ್ ಇರುವ ಬಿ450ಗೆ. ಉಳಿದ ದುಡ್ಡು ಕಾರ್ಡ್‌ಗೆ ಹೋಗಲಿ. ಒಂದೇ ಎಚ್ಚರ: ಆ ಬೋರ್ಡ್ ಬಂದಿದ್ದು 2018ರಲ್ಲಿ, 5600 ಬಂದಿದ್ದು 2022ರಲ್ಲಿ. ಹಳೇ ಸ್ಟಾಕ್‌ನ ಬಯೋಸ್‌ಗೆ ಈ ಪ್ರೊಸೆಸರ್ ಪರಿಚಯವೇ ಇರಲ್ಲ, ಸ್ಕ್ರೀನ್ ಕೂಡ ಬರಲ್ಲ. ಬಿಲ್ ಹಾಕಿಸುವ ಮೊದಲೇ ಬಯೋಸ್ ಅಪ್‌ಡೇಟ್ ಮಾಡಿಕೊಡ್ತೀರಾ ಅಂತ ಅಂಗಡಿಯವರನ್ನು ಕೇಳಿ.