ಹೆಸರಿಲ್ಲದ ಮಾತಿಗೆ ಬೆಲೆ ಇದೆಯೇ?

ಕಳೆದ ಮಳೆಗಾಲದಲ್ಲಿ ನಮ್ಮ ಕಡೆಯ ರಸ್ತೆ ಹಾಳಾದ ಸುದ್ದಿಯೊಂದು ಫೇಸ್‌ಬುಕ್‌ನಲ್ಲಿ ಬಂದಿತ್ತು. ಗಾಳಿಬೀಡಿನ ಮಳೆ ಎಂಥದ್ದೆಂದು ನಿಮಗೆ ಹೇಳಬೇಕಾಗಿಲ್ಲ. ಅದರ ಕೆಳಗೆ ನಾನು ನನ್ನ ಹೆಸರಿನಲ್ಲೇ ಎರಡು ಸಾಲು ಬರೆದೆ: ಮಳೆಗೆ ಮೊದಲೇ ಚರಂಡಿ ಬಿಡಿಸಿದ್ದರೆ ಇಷ್ಟು ಹಾನಿ ಆಗುತ್ತಿರಲಿಲ್ಲ; ಓಟು ಕೇಳಲು ಬಂದವರು ಈಗಲೂ ಒಮ್ಮೆ ಬಂದು ನೋಡಲಿ. ಸಂಜೆಯೊಳಗೆ ಹನ್ನೊಂದು ಉತ್ತರ ಬಂದವು. ಎರಡು ಮಾತ್ರ ಚರಂಡಿಯ ಬಗ್ಗೆ ಇದ್ದವು. ಉಳಿದ ಒಂಬತ್ತೂ ನನ್ನ ಹೆಸರಿನ ಬಗ್ಗೆ. ಮರುದಿನ ನನ್ನ ಚಾಚಾನ ಮಗ ಅದೇ ಮಾತನ್ನು ಹಕ್ಕಿಯ ಹೆಸರಿನ ಖಾತೆಯೊಂದರಿಂದ ಬರೆದ. ಅದಕ್ಕೆ ಬಂದ ಉತ್ತರಗಳೆಲ್ಲ ಮೋರಿ, ಗುತ್ತಿಗೆ, ಅನುದಾನದ ಬಗ್ಗೆಯೇ ಇದ್ದವು.

ಮನೆಯಲ್ಲಿ ಇದನ್ನು ಹೇಳಿದಾಗ ಅಬ್ಬಾ, "ಹೆಸರು ಮುಚ್ಚಿಕೊಂಡು ಮಾತನಾಡುವುದು ಹೇಡಿತನ" ಎಂದರು. ಅಮ್ಮಿ, "ಹೆಸರು ಹಾಕಿದ್ದಕ್ಕೆ ಸಿಕ್ಕಿದ್ದೇನು?" ಎಂದು ಕೇಳಿದರು. ಇಬ್ಬರಿಗೂ ಆಗ ನನ್ನಲ್ಲಿ ಉತ್ತರ ಇರಲಿಲ್ಲ. ಆ ಉತ್ತರವನ್ನು ಹುಡುಕುತ್ತಾ ಓದಿದ್ದನ್ನು ಇಲ್ಲಿ ಬರೆದಿದ್ದೇನೆ.

ಹೆಸರು ಕೇಳಬಾರದ ಜಾಗ, ಕೇಳಲೇಬೇಕಾದ ಜಾಗ

ಬರುವ ವರ್ಷ ನಮ್ಮಲ್ಲಿ ಅನೇಕರಿಗೆ ಹದಿನೆಂಟು ತುಂಬುತ್ತದೆ, ಮತದ ಹಕ್ಕು ಬರುತ್ತದೆ. ನಮ್ಮ ಅತಿ ದೊಡ್ಡ ರಾಜಕೀಯ ಅಭಿಪ್ರಾಯವಾದ ಮತವನ್ನು ನಾವು ಹೆಸರಿಲ್ಲದೆಯೇ ಹೇಳುತ್ತೇವೆ. ಯಾರಿಗೆ ಮತ ಹಾಕಿದಿರಿ ಎಂದು ಹೇಳುವಂತೆ ಮತದಾರರನ್ನು ಒತ್ತಾಯಿಸುವಂತಿಲ್ಲ ಎಂದು 1951ರ ಜನಪ್ರಾತಿನಿಧ್ಯ ಕಾಯ್ದೆಯ 94ನೇ ಕಲಂ ಹೇಳುತ್ತದೆ. ಇದನ್ನು ಯಾರೂ ಹೇಡಿತನ ಎನ್ನುವುದಿಲ್ಲ. ಕೂಲಿಯವನು ತೋಟದ ಯಜಮಾನನಿಗೆ ಹೆದರದೆ ಮತ ಹಾಕಲಿ ಎಂಬುದು ಇದರ ಉದ್ದೇಶ.

ಆದರೆ ಅದೇ ಕಾಯ್ದೆಯ 127ಎ ಕಲಂ ಪ್ರಕಾರ, ಚುನಾವಣೆಯ ಕರಪತ್ರ ಅಥವಾ ಪೋಸ್ಟರ್ ಮೇಲೆ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು. ರಾಜ್ಯಸಭೆಯ ಚುನಾವಣೆಯಲ್ಲಿ ಪಕ್ಷದ ಶಾಸಕರು ತಮ್ಮ ಮತಪತ್ರವನ್ನು ಪಕ್ಷದ ಏಜೆಂಟರಿಗೆ ತೋರಿಸಿಯೇ ಮತ ಹಾಕಬೇಕೆಂಬ ನಿಯಮ 2003ರಿಂದ ಇದೆ. ಸಾಮಾನ್ಯ ಮತದಾರನಿಗೆ ಗುಟ್ಟು, ಅಧಿಕಾರ ಇರುವವರಿಗೆ ಬಹಿರಂಗ.

ಹಣಕ್ಕೂ ಇದೇ ಮಾತು ಅನ್ವಯಿಸುತ್ತದೆ. ಪಕ್ಷಗಳಿಗೆ ಹೆಸರು ಹೊರಗೆ ಬಾರದಂತೆ ದೇಣಿಗೆ ಕೊಡಲು 2018ರಲ್ಲಿ ಚುನಾವಣಾ ಬಾಂಡ್ ಯೋಜನೆ ಜಾರಿಗೆ ಬಂತು. ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2024ರ ಫೆಬ್ರವರಿ 15ರಂದು ಅದನ್ನು ರದ್ದು ಮಾಡಿತು. ಅದು ಮತದಾರರ ತಿಳಿಯುವ ಹಕ್ಕಿಗೆ ವಿರುದ್ಧ ಎಂದು ಹೇಳಿತು. ಬಲ ಇಲ್ಲದವರು ಹೆಸರು ಮುಚ್ಚುವುದು ರಕ್ಷಣೆಗಾಗಿ. ಬಲ ಇರುವವರು ಮುಚ್ಚಿದರೆ ಅನುಮಾನ ಪಡಲೇಬೇಕು.

ಅಭಿಪ್ರಾಯಕ್ಕೆ ಕಾರಣ ಸಾಕು

1937ರ ನವೆಂಬರ್‌ನಲ್ಲಿ ಕಲ್ಕತ್ತೆಯ 'ಮಾಡರ್ನ್ ರಿವ್ಯೂ' ಪತ್ರಿಕೆಯಲ್ಲಿ 'ಚಾಣಕ್ಯ' ಎಂಬ ಹೆಸರಿನಲ್ಲಿ ಒಂದು ಲೇಖನ ಬಂತು. ಕಾಂಗ್ರೆಸ್ ಅಧ್ಯಕ್ಷ ಜವಾಹರಲಾಲ್ ನೆಹರೂ ಅವರಲ್ಲಿ ಸರ್ವಾಧಿಕಾರಿಯಾಗುವ ಲಕ್ಷಣಗಳಿವೆ, ಅವರನ್ನು ಮತ್ತೆ ಅಧ್ಯಕ್ಷರನ್ನಾಗಿ ಮಾಡಬಾರದು ಎಂದು ಅದು ಎಚ್ಚರಿಸಿತ್ತು. ಅದನ್ನು ಬರೆದವರು ಸ್ವತಃ ನೆಹರೂ ಎಂದು ಆಮೇಲೆ ತಿಳಿಯಿತು. ಅವರ ಹೆಸರಿದ್ದರೆ ಜನ ಹೆಸರನ್ನು ನೋಡುತ್ತಿದ್ದರು. ಹೆಸರಿಲ್ಲದ ಕಾರಣ ವಾದವನ್ನು ಓದಿದರು.

ನಿಜವಾದ ಹೆಸರಿನಲ್ಲಿ ಬರೆದವರ ಕಥೆಯೂ ಇದೆ. 2012ರ ನವೆಂಬರ್‌ನಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ನಾಯಕರೊಬ್ಬರ ನಿಧನದ ನಂತರ ನಡೆದ ಬಂದ್ ಅನ್ನು ಪ್ರಶ್ನಿಸಿ ಒಬ್ಬ ಯುವತಿ ಫೇಸ್‌ಬುಕ್‌ನಲ್ಲಿ ಬರೆದಳು. ಇನ್ನೊಬ್ಬಳು ಅದಕ್ಕೆ ಲೈಕ್ ಒತ್ತಿದಳು. ಇಬ್ಬರನ್ನೂ ಪೊಲೀಸರು ಬಂಧಿಸಿದರು. ಇಂಥ ಬಂಧನಗಳಿಗೆ ದಾರಿಯಾಗಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಂ ಅನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ರದ್ದು ಮಾಡಿತು. ಹೆಸರು ಮುಚ್ಚಿದವರೆಲ್ಲ ಹೇಡಿಗಳಲ್ಲ ಎಂದು ಅಬ್ಬಾಗೆ ಹೇಳಲು ನನಗೆ ಸಿಕ್ಕಿದ ಉತ್ತರ ಇದು.

ಸುದ್ದಿಗೆ ಮಾತ್ರ ಹೆಸರು ಬೇಕು

ಹಾಗಾದರೆ ಅಮ್ಮಿ ಹೇಳಿದ್ದೇ ಪೂರ್ತಿ ಸರಿಯೇ? ಅಲ್ಲ. 2012ರ ಆಗಸ್ಟ್‌ನಲ್ಲಿ ನಾನಿನ್ನೂ ಶಾಲೆಯ ಮೆಟ್ಟಿಲು ಹತ್ತಿರಲಿಲ್ಲ. ನನ್ನ ಮಾಮು ಆಗ ಬೆಂಗಳೂರಿನಲ್ಲಿ ಕೆಲಸಕ್ಕಿದ್ದರು. ರಂಜಾನ್ ಮುಗಿದ ಮೇಲೆ ಈಶಾನ್ಯ ರಾಜ್ಯಗಳವರ ಮೇಲೆ ದಾಳಿ ನಡೆಯುತ್ತದೆ ಎಂಬ ಸಂದೇಶಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿದವು. ಸಾವಿರಾರು ಜನ ಕೆಲಸ, ಓದು ಬಿಟ್ಟು ಗುವಾಹಟಿಯ ರೈಲು ಹತ್ತಿದರು. ಮಾಮು ಜೊತೆ ಕೆಲಸ ಮಾಡುತ್ತಿದ್ದ ಇಬ್ಬರು ಆ ತಿಂಗಳ ಸಂಬಳವನ್ನೂ ತೆಗೆದುಕೊಳ್ಳದೆ ಹೋದರಂತೆ. ಕೇಂದ್ರ ಸರ್ಕಾರ ಹದಿನೈದು ದಿನ ಸಾಮೂಹಿಕ ಎಸ್‌ಎಂಎಸ್ ನಿಲ್ಲಿಸಿ, ಒಮ್ಮೆಗೆ ಐದಕ್ಕಿಂತ ಹೆಚ್ಚು ಸಂದೇಶ ಕಳಿಸದಂತೆ ಮಿತಿ ಹಾಕಬೇಕಾಯಿತು. ಆ ಸಂದೇಶ ಬರೆದವರಿಗೆ ಹೆಸರಿರಲಿಲ್ಲ. ಆದರೆ ಅದರಿಂದ ಅನುಮಾನಕ್ಕೆ ಒಳಗಾದವರಿಗೆ ನಮ್ಮಂಥ ಹೆಸರುಗಳಿದ್ದವು.

'ಚಾಣಕ್ಯ' ಬರೆದದ್ದು ಅಭಿಪ್ರಾಯ. ಬೆಂಗಳೂರಿನಲ್ಲಿ ಹರಡಿದ್ದು ಸುದ್ದಿಯ ವೇಷ ಹಾಕಿದ ಸುಳ್ಳು. ಅಭಿಪ್ರಾಯವನ್ನು ಓದಿ, ಅದರ ಕಾರಣವನ್ನು ನಾವೇ ತೂಗಿ ನೋಡಬಹುದು. ಸುದ್ದಿಯನ್ನು ಹಾಗೆ ತೂಗಲಾಗುವುದಿಲ್ಲ. ಯಾರು ಕಂಡರು, ಯಾರು ಹೇಳಿದರು ಎಂದು ಕೇಳಲೇಬೇಕು. ಹದೀಸ್ ವಿದ್ವಾಂಸರು 'ಇಸ್ನಾದ್' ನೋಡುವುದು ಇದಕ್ಕಾಗಿಯೇ. ಯಾರಿಂದ ಯಾರು ಕೇಳಿದರು ಎಂಬ ಹೆಸರುಗಳ ಸರಪಳಿ ಅದು. ಅದರಲ್ಲಿ ಗುರುತು ಸಿಗದ ಒಬ್ಬರಿದ್ದರೂ ಆ ವರದಿಯನ್ನು ದುರ್ಬಲ ಎಂದು ಎಣಿಸುತ್ತಾರೆ. ನಮ್ಮ ಲೆಕ್ಕಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ವೋಚರ್ ಇಲ್ಲದ ನಮೂದನ್ನು ಲೆಕ್ಕಪರಿಶೋಧಕರು ಒಪ್ಪುವುದಿಲ್ಲ.

ಎಲ್ಲರಿಗೂ ಹೆಸರು ಕಡ್ಡಾಯ ಮಾಡಿದರೆ?

ದಕ್ಷಿಣ ಕೊರಿಯಾ ಇದನ್ನು ಮಾಡಿ ನೋಡಿತು. ದೊಡ್ಡ ಜಾಲತಾಣಗಳಲ್ಲಿ ಬರೆಯುವವರು ತಮ್ಮ ನಿಜವಾದ ಗುರುತನ್ನು ದೃಢಪಡಿಸಬೇಕೆಂಬ ನಿಯಮ 2007ರಲ್ಲಿ ಬಂತು. 2011ರಲ್ಲಿ ಅಲ್ಲಿನ ಎರಡು ತಾಣಗಳಿಂದ ಸುಮಾರು 3.5 ಕೋಟಿ ಬಳಕೆದಾರರ ಮಾಹಿತಿ ಕಳುವಾಯಿತು. 2012ರ ಆಗಸ್ಟ್ 23ರಂದು, ಅಂದರೆ ಬೆಂಗಳೂರಿನ ಘಟನೆ ನಡೆದ ತಿಂಗಳಲ್ಲೇ, ಅಲ್ಲಿನ ಸಂವಿಧಾನ ನ್ಯಾಯಾಲಯ ಆ ನಿಯಮವನ್ನು ಒಮ್ಮತದಿಂದ ರದ್ದು ಮಾಡಿತು. ನಮ್ಮಲ್ಲೂ ಹಕ್ಕಿಯ ಹೆಸರಿನ ಖಾತೆ ಪೂರ್ತಿ ಗುಟ್ಟೇನಲ್ಲ. ಅದರ ಹಿಂದೆ ಮೊಬೈಲ್ ಸಂಖ್ಯೆ ಇರುತ್ತದೆ, ಸಿಮ್‌ನ ಹಿಂದೆ ಗುರುತಿನ ದಾಖಲೆ ಇರುತ್ತದೆ. ಬೆದರಿಕೆ ಹಾಕಿದವರನ್ನು ಹುಡುಕಲು ಎಲ್ಲರ ಹೆಸರನ್ನೂ ಗೋಡೆಗೆ ಅಂಟಿಸಬೇಕಾಗಿಲ್ಲ.

ಹಂಚುವವರ ಹೊಣೆ

ಮೌಲಾನಾ ಹಸ್ರತ್ ಮೊಹಾನಿ ಅವರ ಗಜಲ್‌ಗಳು ನಮ್ಮ ಮನೆಗಳಲ್ಲಿ ಕೇಳಿಬರುತ್ತವೆ. 'ಹಸ್ರತ್' ಎಂಬುದೇ ಕಾವ್ಯನಾಮ. ಅವರ ಹೆಸರು ಸೈಯದ್ ಫಜಲುಲ್ ಹಸನ್. ಅಲಿಗಢದಲ್ಲಿ ಅವರು 'ಉರ್ದೂ-ಎ-ಮುಅಲ್ಲಾ' ಪತ್ರಿಕೆ ನಡೆಸುತ್ತಿದ್ದರು. 1908ರಲ್ಲಿ ಈಜಿಪ್ಟಿನಲ್ಲಿ ಬ್ರಿಟಿಷರ ಶಿಕ್ಷಣ ನೀತಿಯನ್ನು ಟೀಕಿಸುವ ಲೇಖನವೊಂದನ್ನು ಲೇಖಕರ ಹೆಸರಿಲ್ಲದೆ ಪ್ರಕಟಿಸಿದರು. ಸರ್ಕಾರ ಹೆಸರು ಕೇಳಿತು. ಅವರು ಹೇಳಲಿಲ್ಲ, ಹೊಣೆಯನ್ನು ತಾವೇ ಹೊತ್ತು ಜೈಲಿಗೆ ಹೋದರು.

ಇದನ್ನು ಓದಿದ ಮೇಲೆ ಫಾರ್ವರ್ಡ್ ಒತ್ತುವ ಮೊದಲು ನನ್ನ ಬೆರಳು ಸ್ವಲ್ಪ ನಿಲ್ಲುತ್ತದೆ. ಬರೆದವರು ಯಾರೋ ಇರಬಹುದು, ಹಂಚುವಾಗ ಅದು ನನ್ನ ಹೆಸರಿನಲ್ಲೇ ಹೋಗುತ್ತದೆ. ಈಗ ನಾನು ಮೂರು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇದು ಅಭಿಪ್ರಾಯವೋ, ಸುದ್ದಿಯೋ? ಸುದ್ದಿಯಾದರೆ ಕಂಡವರು ಯಾರು? ಹೆಸರು ಮುಚ್ಚಿಕೊಂಡವರು ಹೆದರಿ ಮುಚ್ಚಿಕೊಂಡಿದ್ದಾರೋ, ಇನ್ನೊಬ್ಬರನ್ನು ಹೆದರಿಸಲು ಮುಚ್ಚಿಕೊಂಡಿದ್ದಾರೋ?

ಚಾಚಾನ ಮಗನ ಹಕ್ಕಿ ಖಾತೆ ಹಾಗೆಯೇ ಇರಲಿ. ಈ ಮಳೆಗಾಲದಲ್ಲೂ ಚರಂಡಿ ಬಿಡಿಸದಿದ್ದರೆ ನಾನು ಫೋಟೊ ತೆಗೆದು, ದಿನಾಂಕ ಹಾಕಿ, ನನ್ನ ಹೆಸರಿನಲ್ಲೇ ಬರೆಯುತ್ತೇನೆ. ಹನ್ನೊಂದರಲ್ಲಿ ಎರಡು ಉತ್ತರ ಚರಂಡಿಯ ಬಗ್ಗೆ ಬಂದಿದ್ದವಲ್ಲ, ಈ ಸಲ ಮೂರಾದರೂ ಆಗಲಿ.

ತರಗತಿಯಲ್ಲಿ ಚರ್ಚಿಸಲು:
1. ಕಾಲೇಜಿನ ಸಲಹಾ ಪೆಟ್ಟಿಗೆಗೆ ಹಾಕುವ ಚೀಟಿಯಲ್ಲಿ ಹೆಸರು ಇರಬೇಕೇ? ದೂರಿಗೂ ಸಲಹೆಗೂ ಒಂದೇ ನಿಯಮ ಸಾಕೇ?
2. ಹೆಸರಿಲ್ಲದ ಖಾತೆಯಿಂದ ಒಬ್ಬ ವ್ಯಕ್ತಿಯ ಮೇಲೆ ಆರೋಪ ಬಂದರೆ ಅದು ಅಭಿಪ್ರಾಯವೋ, ಸುದ್ದಿಯೋ?

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ