ಕೂತಲ್ಲಿ ಕೂರದ ಮಗು, ಕೂತಲ್ಲೇ ಕಳೆದುಹೋಗುವ ಮಗು

ಪರೀಕ್ಷೆಯ ದಿನಗಳು ಸಮೀಪಿಸಿದಂತೆ, ಮಗುವಿಗೆ ಬ್ರಾಹ್ಮಿ ಕೊಡಿರೆಂದು ಕೇಳಿಕೊಂಡು ಬರುವ ತಂದೆತಾಯಂದಿರು ಹೆಚ್ಚುತ್ತಾರೆ. ಬಹುಪಾಲು ಮಕ್ಕಳಿಗೆ ಔಷಧವೇ ಬೇಡ. ಆಟದ ಬಯಲು, ಹೊತ್ತಿಗೆ ಸರಿಯಾದ ನಿದ್ರೆ ಸಾಕು. ಕೆಲವರಲ್ಲಿ ಮಾತ್ರ ಅವಧಾನದ ಕೊರತೆ ಹಾಗೂ ಅತಿಚಟುವಟಿಕೆಯ ತೊಂದರೆ, ಅಂದರೆ ಎ.ಡಿ.ಎಚ್.ಡಿ., ಇರುತ್ತದೆ. ನಮ್ಮ ಸಂಹಿತೆಗಳಲ್ಲಿ ಈ ಹೆಸರಿನ ವ್ಯಾಧಿಯಿಲ್ಲ. ವಾತದ ಚಲಗುಣವೆಂದೋ ರಜೋಗುಣದ ಆಧಿಕ್ಯವೆಂದೋ ನಾವು ವಿವರಿಸಿಕೊಳ್ಳಬಹುದಾದರೂ ಅಷ್ಟರಿಂದ ರೋಗನಿರ್ಣಯವಾಗದು.

ಲಕ್ಷಣಗಳಲ್ಲಿ ಎರಡು ಬಗೆ. ಪಾಠದ ನಡುವೆ ಎದ್ದು ತಿರುಗುವುದು, ಪ್ರಶ್ನೆ ಮುಗಿಯುವ ಮೊದಲೇ ಉತ್ತರಿಸುವುದು, ಸರದಿಗೆ ಕಾಯಲಾರದಿರುವುದು ಎಲ್ಲರ ಕಣ್ಣಿಗೂ ಬೀಳುತ್ತವೆ. ಇನ್ನೊಂದು ಬಗೆ ಸದ್ದಿಲ್ಲದ್ದು. ಹಿಡಿದ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಪೆನ್ಸಿಲು, ಪುಸ್ತಕ, ಚಪ್ಪಲಿ ದಿನವೂ ಕಳೆಯುತ್ತವೆ. ಬಲ್ಲ ಲೆಕ್ಕದಲ್ಲೇ ಕೂಡುವ ಬದಲು ಕಳೆದಿರುತ್ತದೆ. ಹೆಣ್ಣುಮಕ್ಕಳಲ್ಲಿ ಈ ಬಗೆಯೇ ಹೆಚ್ಚಾಗಿ ಗಮನಕ್ಕೆ ಬಾರದೆ ಹೋಗುತ್ತದೆ.

ನಾವೂ ತಪ್ಪಿದ್ದೇವೆ. ಐದನೆಯ ತರಗತಿಯ ಬಾಲಕಿಯೊಬ್ಬಳಿಗೆ ದಡ್ಡಿ ಎಂಬ ಹೆಸರು ಬಿದ್ದಿತ್ತು. ಒಂದು ವರ್ಷ ಸಾರಸ್ವತಾರಿಷ್ಟ ಕುಡಿಸಿದೆವು. ಅಂಕಗಳು ಏರಲಿಲ್ಲ, ಮನೆಯಲ್ಲಿ ಪೆಟ್ಟು ಏರಿತು. ಒಂದು ಸಂಜೆ ಮಾತಿಗೆಳೆದಾಗ ಅಜ್ಜಿ ಹೇಳಿದ ಉದ್ದನೆಯ ಕಥೆಯನ್ನು ಹುರುಪಿನಿಂದ ಒಪ್ಪಿಸಿದಳು. ಹೊರಡುವಾಗ ಔಷಧದ ಸೀಸೆಯನ್ನು ಮೇಜಿನ ಮೇಲೆಯೇ ಮರೆತಳು. ಅದು ನಾಲ್ಕನೆಯ ಸಲ. ಆಗ ನಮಗೆ ಹೊಳೆದು ಮಕ್ಕಳ ಮನೋವೈದ್ಯರಲ್ಲಿಗೆ ಕಳುಹಿಸಿದೆವು. ಆ ಒಂದು ವರ್ಷವನ್ನು ಹಿಂದಿರುಗಿಸುವ ಮದ್ದು ನಮ್ಮಲ್ಲಿಲ್ಲ.

ಹಾಗೆಂದು ಒಂದೆರಡು ಲಕ್ಷಣ ಕಂಡೊಡನೆ ಹಣೆಪಟ್ಟಿ ಹಚ್ಚಲಾಗದು. ಮನೋವೈದ್ಯರು ಬಳಸುವ ಮಾನದಂಡದಂತೆ, ಯಾವುದಾದರೂ ಒಂದು ಬಗೆಯ 9 ಲಕ್ಷಣಗಳಲ್ಲಿ ಮಕ್ಕಳಿಗೆ ಕನಿಷ್ಠ 6 ಇರಬೇಕು; ಅವು 6 ತಿಂಗಳಾದರೂ ಮುಂದುವರಿದಿರಬೇಕು, ಹಲವು 12 ವರ್ಷಕ್ಕೆ ಮುನ್ನವೇ ಕಂಡಿರಬೇಕು, ಮನೆ ಶಾಲೆ ಎರಡೂ ಕಡೆ ತೋರಬೇಕು. ಮನೆಯಲ್ಲಿ ಮಾತ್ರ ರಂಪ ಮಾಡುವ ಮಗುವಾದರೆ ಕಾರಣವನ್ನು ಮೊದಲು ಮನೆಯಲ್ಲೇ ಹುಡುಕುವುದು ಲೇಸು. ಕಿವಿ, ಕಣ್ಣು, ರಕ್ತಹೀನತೆ, ಥೈರಾಯ್ಡ್ ಪರೀಕ್ಷೆಯಾಗಲಿ. ರಾತ್ರಿ ಗೊರಕೆ ಹೊಡೆದು ನಿದ್ದೆಗೆಡುವ ಮಗುವೂ ಹಗಲು ಚಡಪಡಿಸುತ್ತದೆ. ಮಾತಿನ ನಡುವೆ ಕೆಲವು ಕ್ಷಣ ಶೂನ್ಯದೃಷ್ಟಿಯಿಂದ ನಿಂತುಬಿಡುವುದು ಅಪಸ್ಮಾರದ ಒಂದು ರೂಪವಾಗಿರಬಹುದು, ಅದಕ್ಕೆ ತಡಮಾಡಬಾರದು.

“ಮೊಬೈಲ್ ಮುಂದೆ ಎರಡು ತಾಸು ಅಲುಗದೆ ಕೂರುತ್ತಾನಲ್ಲ?” ಎಂದು ಕೇಳುವವರುಂಟು. ಕ್ಷಣಕ್ಷಣಕ್ಕೂ ಬದಲಾಗುವ ಚಿತ್ರ ಯಾರನ್ನೂ ಹಿಡಿದಿಡುತ್ತದೆ, ನಮ್ಮನ್ನೂ ಸಹ. ಅದರಿಂದ ತೊಂದರೆಯಿಲ್ಲವೆಂದು ಸಾಧಿಸಿದಂತಾಗದು.

ಸಂಶಯವಿದ್ದವರು ಎರಡು ವಾರ ಮಗುವಿನ ದಿನಚರಿಯನ್ನು ಬರೆದಿಡಿರಿ, ಶಿಕ್ಷಕರಿಂದಲೂ ಬರೆಸಿರಿ, ಅದರೊಡನೆ ಮಕ್ಕಳ ಮನೋವೈದ್ಯರನ್ನು ಕಾಣಿರಿ. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತವಾಗಿ ದೊರೆಯುತ್ತದೆ. ಅವರು ಕೊಟ್ಟ ಮಾತ್ರೆಯನ್ನು ನಮ್ಮ ಘೃತವನ್ನು ನೆಚ್ಚಿ ನಿಲ್ಲಿಸಬೇಡಿರಿ. ಎರಡನ್ನೂ ಬಳಸುವುದಾದರೆ ಇಬ್ಬರು ವೈದ್ಯರಿಗೂ ತಿಳಿಸಿರಿ. ಹೊಡೆಯುವುದನ್ನಂತೂ ಇಂದೇ ಬಿಡಿರಿ.